ಆಂಡ್ರಿಯಾಸ್ ವೆಸೇಲಿಯಸ್

ಆಧುನಿಕ ಅಂಗರಚನಾಶಾಸ್ತ್ರಕ್ಕೆ ತಳಹದಿ ಹಾಕಿದ ಆಂಡ್ರಿಯಾಸ್ ವೆಸೇಲಿಯಸನು 1514ರ ಡಿಸೆಂಬರ್ 31ರಂದು ಬ್ರಸೆಲ್ಸ್ ನಗರದಲ್ಲಿ ಜನಿಸಿದನು. ಅವನದು ತಲೆಮಾರುಗಳಿಂದ ವೈದ್ಯವೃತ್ತಿಯನ್ನು ಅವಲಂಬಿಸಿದ್ದ ಮನೆತನ. ತಂದೆಯು ಚಕ್ರವರ್ತಿ ಐದನೆಯ ಚಾರ್ಲ್ಸನ ಆಸ್ಥಾನದಲ್ಲಿ ಔಷಧಗಳನ್ನು ಸಿದ್ಧಪಡಿಸುವವನಾಗಿದ್ದನು.

ಆ ಕಾಲದಲ್ಲಿ ಯೂರೋಪಿನ ವೈದ್ಯರಿಗೆ ಗೇಲನನ ಮಾತೇ ವೇದವಾಕ್ಯ. ಕ್ರಿಸ್ತಶಕ ಎರಡನೆಯ ಶತಮಾನದ ಈ ಮಹಾವೈದ್ಯನು ಬಹುಮಟ್ಟಿಗೆ ಪ್ರಾಣಿಗಳ ದೇಹಗಳನ್ನು ಛೇದಿಸಿ ಗ್ರಂಥಗಳನ್ನು ರಚಿಸಿದ್ದನು. ವಿಶ್ವವಿದ್ಯಾನಿಲಯಗಳಲ್ಲಿ ಪ್ರಾಧ್ಯಾಪಕನು ಎತ್ತರದ ಪೀಠದಲ್ಲಿ ಕುಳಿತು ಆ ಗ್ರಂಥಗಳನ್ನು ಓದುತ್ತಿದ್ದನು. ಕೆಳಗೆ ಕ್ಷೌರಿಕನೊಬ್ಬನು ಶವವನ್ನು ಕೊಯ್ದು ತೋರಿಸುತ್ತಿದ್ದನು.

ಪ್ಯಾರಿಸ್ಸಿನಲ್ಲಿ ಓದುತ್ತಿದ್ದಾಗ ವೆಸೇಲಿಯಸನು ಸ್ಮಶಾನದ ಎಲುಬುಗಳನ್ನು ಆರಿಸಿ ಅಭ್ಯಾಸ ಮಾಡಿದನು. 1537ರಲ್ಲಿ ಇಟಲಿಯ ಪಾಡುವಾದಲ್ಲಿ ಪದವಿ ಪಡೆದು ಕೂಡಲೇ ಅಲ್ಲಿಯೇ ಅಧ್ಯಾಪಕನಾದನು. ಅವನು ಪೀಠದಿಂದ ಕೆಳಗಿಳಿದು, ತಾನೇ ಶವವನ್ನು ಛೇದಿಸಿ ವಿದ್ಯಾರ್ಥಿಗಳಿಗೆ ತೋರಿಸಿದನು.

ಮಾನವನ ಕೆಳದವಡೆ ಎರಡು ಮೂಳೆಗಳಿಂದಾದುದೆಂದು ಗೇಲನನು ಬರೆದಿದ್ದನು. ವೆಸೇಲಿಯಸನು ಪರೀಕ್ಷಿಸಿದ ಮನುಷ್ಯರ ದವಡೆಗಳಲ್ಲಿ ಕಂಡುದು ಒಂದೇ ಮೂಳೆ. ಹಸುಗೂಸಿನಲ್ಲಿ ಗಲ್ಲದ ನಡುವೆ ಎರಡು ಭಾಗಗಳಾಗಿರುವ ದವಡೆಯು ಸುಮಾರು ಒಂದು ವರ್ಷದೊಳಗೆ ಬೆಸೆದುಕೊಳ್ಳುತ್ತದೆ. ನಾಯಿಯಂತಹ ಪ್ರಾಣಿಗಳಲ್ಲಿ ಅದು ಕೊನೆಯವರೆಗೂ ಎರಡಾಗಿಯೇ ಉಳಿಯುತ್ತದೆ. ಪ್ರಾಣಿಯಲ್ಲಿ ಕಂಡುದನ್ನು ಮನುಷ್ಯನಿಗೆ ಹೇಳಿದ್ದೇ ತಪ್ಪಿನ ಮೂಲವಾಗಿತ್ತು.

ಇಂತಹ ಅನೇಕ ತಪ್ಪುಗಳನ್ನು ತಿದ್ದಿ, ಮಾನವದೇಹದ ರಚನೆಯನ್ನು ಕುರಿತ ಏಳು ಭಾಗಗಳ ಸಚಿತ್ರ ಗ್ರಂಥವನ್ನು ಅವನು 1543ರಲ್ಲಿ ಬಾಸೆಲ್ ನಗರದಲ್ಲಿ ಪ್ರಕಟಿಸಿದನು. ಆಗ ಅವನಿಗೆ ಕೇವಲ 28 ವರ್ಷ. ಪಂಡಿತರು ಕೆರಳಿದರು. ಅವನ ಗುರುವಾಗಿದ್ದ ಸಿಲ್ವಿಯಸನೇ ಕಡುವಿರೋಧಿಯಾದನು. ಗೇಲನನು ತಪ್ಪಿಲ್ಲ, ಅವನ ಕಾಲದಿಂದೀಚೆಗೆ ಮಾನವದೇಹವೇ ಬದಲಾಗಿದೆ ಎಂದು ಆತನು ವಾದಿಸಿದನು. ಗುರುವಿನ ಮುನಿಸಿಗೆ ಅಂಜಿ ವೆಸೇಲಿಯಸನು ಕಣ್ಣಾರೆ ಕಂಡ ಸತ್ಯವನ್ನು ಬಿಟ್ಟುಕೊಡಲಿಲ್ಲ. ಅಧ್ಯಾಪನವನ್ನು ತೊರೆದು ಚಕ್ರವರ್ತಿಯ ವೈದ್ಯನಾದ ಮೇಲೂ ಗ್ರಂಥವನ್ನು ಪರಿಷ್ಕರಿಸಿ, 1555ರಲ್ಲಿ ಮತ್ತೆ ಅಚ್ಚು ಹಾಕಿಸಿದನು. 1564ರಲ್ಲಿ ಜೆರೂಸಲೇಮ್ ಯಾತ್ರೆಯಿಂದ ಹಿಂದಿರುಗುವಾಗ ಗ್ರೀಸಿನ ಜಾಕಿಂಥೋಸ್ ದ್ವೀಪದಲ್ಲಿ ಮೃತನಾದನು.

1895ರಲ್ಲಿ ರಾಂಟ್‌ಜನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಜೀವಂತ ದವಡೆಯ ಒಳಗನ್ನೂ ನೋಡುವುದು ಸಾಧ್ಯವಾಯಿತು. ದವಡೆಯೊಳಗಿನ ನರದ ನಾಳವು ಕೆಲವರಲ್ಲಿ ಕವಲೊಡೆದಿರುತ್ತದೆ. ಸಾಮಾನ್ಯವಾಗಿ ಗಲ್ಲದ ಒಂದೊಂದು ಪಕ್ಕದಲ್ಲಿ ಒಂದೇ ಇರುವ ನರರಂಧ್ರವು ಕೆಲವರಲ್ಲಿ ಎರಡಿರುತ್ತದೆ. ಇದನ್ನು ಗಮನಿಸದಿದ್ದರೆ ಹಲ್ಲು ಕೀಳುವಾಗ ಮರವಿನ ಮದ್ದು ಪೂರ್ಣವಾಗಿ ಹಿಡಿಯದೆ ಹೋಗಬಹುದು; ಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟಾಗಬಹುದು. ಆದುದರಿಂದ ದಂತವೈದ್ಯನು ಪುಸ್ತಕದ ಚಿತ್ರವೊಂದನ್ನೇ ನಂಬದೆ, ತನ್ನ ಮುಂದಿರುವ ರೋಗಿಯ ದವಡೆಯನ್ನೇ ಪರೀಕ್ಷಿಸುತ್ತಾನೆ. ವೆಸೇಲಿಯಸನು ಹಾಕಿಕೊಟ್ಟ ದಾರಿಯೂ ಇದೇ.