ಬಿ. ವಿ. ಕಾರಂತ

ಬಾಬುಕೋಡಿ ವೆಂಕಟರಮಣ ಕಾರಂತ (1929–2002) ಕನ್ನಡದ ಹೆಸರಾಂತ ರಂಗನಿರ್ದೇಶಕರು, ಸಂಗೀತ ಸಂಯೋಜಕರು ಹಾಗೂ ಚಲನಚಿತ್ರ ನಿರ್ದೇಶಕರು. ನಾಟಕದಲ್ಲಿ ಹಾಡಿನಷ್ಟೇ ಸದ್ದಿಗೂ ಮೌನಕ್ಕೂ ಅರ್ಥವಿದೆಯೆಂಬುದನ್ನು ಪ್ರಯೋಗಗಳ ಮೂಲಕ ತೋರಿಸಿಕೊಟ್ಟದ್ದು ಇವರ ಮುಖ್ಯ ಕೊಡುಗೆ.

ಜೀವನ

ಕಾರಂತರು ಜನಿಸಿದ್ದು ಬಂಟ್ವಾಳ ತಾಲ್ಲೂಕಿನ ಮಂಚಿ ಗ್ರಾಮದಲ್ಲಿ. ಎಳವೆಯಲ್ಲಿಯೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ವೀರಣ್ಣನವರ ನೆರವಿನಿಂದ ಕಾಶಿಗೆ ತೆರಳಿ ಹಿಂದಿಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿಯೇ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಸಿಸಿದರು. 1962ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಶಿಕ್ಷಣ ಮುಗಿಸಿದ ಅವರು, 1977ರಿಂದ 1981ರವರೆಗೆ ಅದೇ ಶಾಲೆಯ ನಿರ್ದೇಶಕರಾಗಿದ್ದರು. ಬಳಿಕ ಭೋಪಾಲದ ಭಾರತ ಭವನದ ರಂಗಮಂಡಲವನ್ನು ಮುನ್ನಡೆಸಿ, 1989ರಲ್ಲಿ ಮೈಸೂರಿನ ರಂಗಾಯಣದ ಸ್ಥಾಪಕ ನಿರ್ದೇಶಕರಾದರು.

ರಂಗಸಂಗೀತ

ಕಂಪನಿ ನಾಟಕಗಳಲ್ಲಿ ಹಾಡಿಗೆ ಅಗ್ರಸ್ಥಾನವಿತ್ತು. ಪ್ರೇಕ್ಷಕರು ಒನ್ಸ್ ಮೋರ್ ಎಂದರೆ ಕಥೆ ನಿಂತು ಹಾಡು ಮರುಕಳಿಸುತ್ತಿತ್ತು. ಬಾನುಲಿ ನಾಟಕಗಳಲ್ಲಾದರೋ ಮಳೆ, ಹೆಜ್ಜೆ, ಬಾಗಿಲುಗಳ ಸದ್ದನ್ನು ಕೈಗೆ ಸಿಕ್ಕ ವಸ್ತುಗಳಿಂದ ಧ್ವನಿಗ್ರಾಹಕದ ಮುಂದೆ ಹುಟ್ಟಿಸುವ ರೂಢಿಯಿತ್ತು. ಅಲ್ಲಿ ಸದ್ದು ಕಣ್ಣಿಗೆ ಕಾಣದ ದೃಶ್ಯದ ಬದಲಿಯಾಗಿತ್ತು. ಕಾರಂತರ ದಾರಿ ಇವೆರಡಕ್ಕಿಂತ ಭಿನ್ನ. ಕಲ್ಲು, ಬಿದಿರು, ಲೋಹದ ತುಂಡುಗಳ ಸದ್ದನ್ನೂ ನಟರ ಗುಂಪಿನ ಗುನುಗು, ಉದ್ಗಾರಗಳನ್ನೂ ಅವರು ರಂಗದ ಮೇಲೆಯೇ ಸಂಗೀತವಾಗಿಸಿದರು. ಅವರ ಸಂಗೀತ ಕಥೆಯನ್ನು ತಡೆಯದೆ ಪಾತ್ರದ ಮನಃಸ್ಥಿತಿಯನ್ನು ನುಡಿಯಿತು.

ಯಕ್ಷಗಾನದಲ್ಲಿ ಯುದ್ಧವನ್ನೂ ಬಿರುಸಿನ ಪ್ರವೇಶವನ್ನೂ ಚಂಡೆಯ ನಾದವೇ ಕಟ್ಟಿಕೊಡುತ್ತದೆ. ಕರಾವಳಿಯ ಈ ಕಲೆಯ ಅಂಶಗಳನ್ನು ಅವರು ಮ್ಯಾಕ್‌ಬೆತ್ ನಾಟಕದ ಹಿಂದಿ ಪ್ರಯೋಗವಾದ ಬರ್ನಮ್ ವನದಲ್ಲಿ ಬಳಸಿಕೊಂಡರು. ಸತ್ತವರ ನೆರಳು ನಾಟಕದಲ್ಲಿ ಪುರಂದರದಾಸರ ಕೀರ್ತನೆಗಳನ್ನು ಅಳವಡಿಸಿದರು.

ಚಲನಚಿತ್ರ

ಕೋಟದವರಾದ ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿದ ಚೋಮನ ದುಡಿ (1975) ಇವರ ನಿರ್ದೇಶನದ ಪ್ರಮುಖ ಚಿತ್ರ. ಸ್ವಂತ ಭೂಮಿಯಲ್ಲಿ ಬೇಸಾಯ ಮಾಡುವ ಹಂಬಲವುಳ್ಳ ಚೋಮನ ನೋವು ಮತ್ತು ರೋಷ ದುಡಿಯ ಬಡಿತದಲ್ಲಿಯೇ ವ್ಯಕ್ತವಾಗುತ್ತವೆ. ಆ ವರ್ಷದ ಅತ್ಯುತ್ತಮ ಚಲನಚಿತ್ರಕ್ಕಾಗಿ ನೀಡುವ ಸ್ವರ್ಣಕಮಲ ಇದಕ್ಕೆ ಸಂದಿತು. ಋಷ್ಯಶೃಂಗ ಹಾಗೂ ಘಟಶ್ರಾದ್ಧ ಚಿತ್ರಗಳ ಸಂಗೀತಕ್ಕೆ ಕಾರಂತರು ರಾಷ್ಟ್ರಪ್ರಶಸ್ತಿ ಪಡೆದರು.

ನಿಧನ

2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಆತ್ಮಕಥನ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ಕುಂದಾಪುರ ಮೂಲದ ಲೇಖಕಿ ವೈದೇಹಿ ನಿರೂಪಿಸಿದ್ದಾರೆ. ಪ್ರದರ್ಶನದೊಂದಿಗೇ ಹುಟ್ಟಿ ಮರೆಯಾಗುವ ರಂಗದ ಸದ್ದನ್ನು ಬದುಕಿನ ಕಥೆಯೊಂದಿಗೆ ಅರಿಯಬಯಸುವವರಿಗೆ ಅದು ಉಪಯುಕ್ತ ಕೃತಿ.