ಸರ್ ರೊನಾಲ್ಡ್ ರಾಸ್: ಸಂಶೋಧನೆ ಮತ್ತು ದಾಖಲೆ

ಹೈದರಾಬಾದಿನ ಪಶ್ಚಿಮ ಅಂಚಿನ ಮಣಿಕೊಂಡ ಒಂದು ಕಾಲದಲ್ಲಿ ಸಣ್ಣ ಹಳ್ಳಿ. ಇಂದು ಅದು ಗಣಕೋದ್ಯಮವನ್ನು ನೆಚ್ಚಿ ಬಂದ ಬಹುಭಾಷಿಕ ಕುಟುಂಬಗಳ ನೆಲೆ. ದತ್ತಾಂಶ ಎಂಬ ಕಲ್ಪನೆ ಅಲ್ಲಿ ದಿನಬಳಕೆಯದು. ಇದೇ ಮಹಾನಗರದ ಬೇಗಂಪೇಟೆಯಲ್ಲಿ, ಗಣಕಯಂತ್ರದ ಕನಸೂ ಇಲ್ಲದ 1897ರಲ್ಲಿ, ಒಬ್ಬ ಸೇನಾವೈದ್ಯರು ಸೊಳ್ಳೆಯ ಜಠರದಲ್ಲಿ ಕಂಡದ್ದನ್ನು ದಿನಾಂಕಸಹಿತ ಬರೆದಿಟ್ಟರು. ಮಲೇರಿಯಾದ ರಹಸ್ಯ ಬಯಲಾದದ್ದು ಆ ಬರವಣಿಗೆಯಿಂದ. ಅವರೇ ರೊನಾಲ್ಡ್ ರಾಸ್. ಅವರ ಜೀವನವನ್ನು ಪ್ರತಿಭೆಯ ಕಥೆಯಾಗಿ ಹೇಳುವುದು ರೂಢಿ; ದಾಖಲೆಯ ಕಥೆಯಾಗಿಯೂ ಅದು ಅಷ್ಟೇ ಬೋಧಪ್ರದವಾಗಿದೆ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ. ತಂದೆ ಸೇನಾಧಿಕಾರಿ. ಮಗನ ಒಲವು ಕಾವ್ಯ, ಸಂಗೀತ, ಗಣಿತಗಳ ಕಡೆಗಿದ್ದರೂ ತಂದೆಯ ಇಚ್ಛೆಯಂತೆ ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಓದಿ 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಯನ್ನು ಸೇರಿದರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ತಮ್ಮ ವಸತಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಸೊಳ್ಳೆಮರಿಗಳು ತುಂಬಿರುವುದನ್ನು ಕಂಡು ಅದನ್ನು ಮಗುಚಿದರು. ಸೊಳ್ಳೆಯ ಕಾಟ ತಗ್ಗಿತು. ಆದರೆ ಆ ತಿಳಿವಳಿಕೆ ಒಂದು ಮನೆಯ ಅನುಭವವಾಗಿಯೇ ಉಳಿಯಿತು. ಅನುಭವವು ಶಾಸ್ತ್ರವಾಗಬೇಕಾದರೆ ಬೇರೊಂದು ಶಿಸ್ತು ಬೇಕಿತ್ತು.

ಆ ಶಿಸ್ತಿಗೆ ದಾರಿ ತೆರೆದದ್ದು 1894ರ ಲಂಡನ್ ರಜೆ. ಮಲೇರಿಯಾ ರೋಗಿಯ ರಕ್ತದಲ್ಲಿರುವ ಪರೋಪಜೀವಿಯನ್ನು ಫ್ರಾನ್ಸಿನ ಲಾವೆರಾನ್ 1880ರಲ್ಲಿಯೇ ಗುರುತಿಸಿದ್ದರು. ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಅದನ್ನು ರಾಸ್ ಅವರಿಗೆ ಸೂಕ್ಷ್ಮದರ್ಶಕದಲ್ಲಿ ತೋರಿಸಿ, ಸೊಳ್ಳೆಗೂ ಅದಕ್ಕೂ ಸಂಬಂಧವಿರಬಹುದೆಂಬ ತಮ್ಮ ಊಹೆಯನ್ನು ಹೇಳಿದರು. 1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್, ತಾವು ಕಂಡದ್ದನ್ನೂ ಕಾಣದೆ ಹೋದದ್ದನ್ನೂ ಮ್ಯಾನ್ಸನ್ನರಿಗೆ ಪತ್ರಗಳಲ್ಲಿ ತಿಳಿಸತೊಡಗಿದರು. ಕಾಲರಾ ನಿವಾರಣೆಗಾಗಿ ಮತ್ತೆ ಬೆಂಗಳೂರಿಗೆ ವರ್ಗವಾದಾಗಲೂ ಈ ಪತ್ರವ್ಯವಹಾರ ನಿಲ್ಲಲಿಲ್ಲ. ಸೋಲುಗಳನ್ನೂ ಬರೆದಿಟ್ಟದ್ದು ಈ ಪತ್ರಗಳ ವಿಶೇಷ. ಎರಡು ವರ್ಷ ಬೂದುಬಣ್ಣದ ಮತ್ತು ಪಟ್ಟೆಗಳುಳ್ಳ ಸೊಳ್ಳೆಗಳನ್ನು ಸೀಳಿ ನೋಡಿ ಏನೂ ಸಿಗದೆ ಹೋದದ್ದು ವ್ಯರ್ಥವಾಗದಿರಲು ಇದೇ ಕಾರಣ. ಯಾವ ಬಗೆಯ ಸೊಳ್ಳೆಯಲ್ಲಿ ಪರೋಪಜೀವಿ ಬೆಳೆಯದೆಂಬುದು ಬರಹದಲ್ಲಿದ್ದುದರಿಂದಲೇ ಬೇರೊಂದು ಬಗೆಯನ್ನು ಹುಡುಕಬೇಕೆಂಬುದು ಸ್ಪಷ್ಟವಾಯಿತು.

1897ರ ಆಗಸ್ಟ್‌ನಲ್ಲಿ ಚುಕ್ಕೆರೆಕ್ಕೆಯ ಕಂದು ಸೊಳ್ಳೆಗಳು ದೊರೆತವು. ಅವು ಮರಿಹುಳುವಿನಿಂದ ಸಾಕಿದವು. ಆದ್ದರಿಂದ ಮೊದಲು ಯಾರ ರಕ್ತವನ್ನೂ ಹೀರಿರಲಿಲ್ಲ. ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ರೋಗಿಯನ್ನು, ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಕೊಟ್ಟು, ಅವುಗಳಿಂದ ಕಚ್ಚಿಸಲಾಯಿತು. 20ರಂದು ಒಂದು ಸೊಳ್ಳೆಯನ್ನು ಸೀಳಿದಾಗ ಜಠರದ ಗೋಡೆಯಲ್ಲಿ ಕಪ್ಪುಕಣಗಳನ್ನು ಒಳಗೊಂಡ ವಿಚಿತ್ರ ಕೋಶಗಳು ಕಂಡವು. ಮರುದಿನ ಉಳಿದೊಂದು ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಸೊಳ್ಳೆ ಎಲ್ಲಿಂದ ಬಂದದ್ದು, ಯಾರನ್ನು ಕಚ್ಚಿತು, ಯಾವ ದಿನ ಕಚ್ಚಿತು ಎಂಬ ಮೂರು ಸಂಗತಿಗಳು ಬರೆದಿರದಿದ್ದರೆ ಆ ಗಾತ್ರವ್ಯತ್ಯಾಸಕ್ಕೆ ಅರ್ಥವೇ ಇರುತ್ತಿರಲಿಲ್ಲ. ಬರೆದಿದ್ದುದರಿಂದ, ಪರೋಪಜೀವಿಯು ಸೊಳ್ಳೆಯೊಳಗೆ ಬೆಳೆಯುತ್ತಿದೆ ಎಂಬ ನಿರ್ಣಯ ಸಾಧ್ಯವಾಯಿತು. ಇದರ ವರದಿ ಅದೇ ವರ್ಷದ ಡಿಸೆಂಬರ್ 18ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಸಿದ್ಧಪಡಿಸಿದ ಗಾಜುಫಲಕಗಳನ್ನು ಇತರರೂ ಪರೀಕ್ಷಿಸಿ ನೋಡಿದ್ದರೆಂಬುದು ಅದರ ಬಲವನ್ನು ಹೆಚ್ಚಿಸಿತು.

ಆದರೆ ಅದೇ ದಾಖಲೆಯಲ್ಲಿ ಒಂದು ಕೊರತೆಯೂ ಇತ್ತು. ರಾಸ್ ಕೀಟಶಾಸ್ತ್ರಜ್ಞರಲ್ಲ, ಸೊಳ್ಳೆಗಳನ್ನು ಬಣ್ಣದಿಂದ ಗುರುತಿಸಿದರೇ ಹೊರತು ಅವುಗಳ ಶಾಸ್ತ್ರೀಯ ನಾಮವನ್ನು ಕೊಡಲಿಲ್ಲ. ರಜಪುಟಾಣಕ್ಕೆ ವರ್ಗವಾಗಿ ಮನುಷ್ಯರ ಮಲೇರಿಯಾದ ಕೆಲಸ ಮುರಿದುಬಿದ್ದ ಮೇಲೆ, 1898ರಲ್ಲಿ ಕಲಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಆಧರಿಸಿ, ಪರೋಪಜೀವಿಯು ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರಿ ಕಡಿತದ ಮೂಲಕ ದಾಟುವುದನ್ನು ಅವರು ಪೂರ್ಣವಾಗಿ ತೋರಿಸಿದರು. ಅದೇ ವರ್ಷ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಕುಲದ ಸೊಳ್ಳೆಯೆಂದು ನಿಖರವಾಗಿ ಹೆಸರಿಸಿದರು. ಶೋಧದ ಮೊದಲಿಗರಾರೆಂಬ ಕಹಿಯಾದ ವಿವಾದ ಹುಟ್ಟಿತು. ರಾಸ್ ಅವರ ಸೊಳ್ಳೆ ಯಾವುದೆಂಬುದು ಎದುರಾಳಿಗಳ ಮುಖ್ಯ ಪ್ರಶ್ನೆಯಾಯಿತು. ಹೆಸರಿಲ್ಲದ ಕೊರತೆ ಅವರನ್ನು ಕಾಡಿತು. ರೆಕ್ಕೆಯ ಚುಕ್ಕೆ, ಮೊಟ್ಟೆಯ ಆಕಾರಗಳನ್ನು ವರ್ಣಿಸಿದ್ದ ಎಚ್ಚರ ಅವರನ್ನು ಉಳಿಸಿತು. ಆ ವರ್ಣನೆಯಿಂದಲೇ ಅದು ಅನಾಫಿಲಿಸ್ ಎಂದು ಬಲ್ಲವರು ಗುರುತಿಸಬಹುದಾಗಿತ್ತು. 1902ರ ನೊಬೆಲ್ ಪ್ರಶಸ್ತಿ ರಾಸ್ ಒಬ್ಬರಿಗೇ ಸಂದಿತು. ವಿವಾದದ ಕಹಿ ಮಾತ್ರ ಕೊನೆಯವರೆಗೂ ಆರಲಿಲ್ಲ.

1899ರಲ್ಲಿ ಸೇವೆಯಿಂದ ನಿವೃತ್ತರಾಗಿ ಲಿವರ್‌ಪೂಲಿಗೆ ಹೋದ ರಾಸ್ ಅವರ ಮುಂದಿನ ಕಾರ್ಯ ಎಣಿಕೆಯದು. 1907-08ರಲ್ಲಿ ಮಾರಿಷಸ್ ದ್ವೀಪದ ಮಲೇರಿಯಾವನ್ನು ಪರಿಶೀಲಿಸಿದಾಗ, ಊದಿದ ಗುಲ್ಮವುಳ್ಳ ಮಕ್ಕಳ ಪ್ರಮಾಣವನ್ನು ರೋಗದ ಅಳತೆಗೋಲಾಗಿ ಬಳಸಿದರು. ಮುಂದೆ ಮಲೇರಿಯಾ ನಿವಾರಣೆಯನ್ನು ಕುರಿತ 1910ರ ಗ್ರಂಥದಲ್ಲಿ ರೋಗದ ಹರಡುವಿಕೆಯನ್ನು ಗಣಿತಕ್ಕೆ ಅಳವಡಿಸಿದರು. ಸೊಳ್ಳೆಗಳನ್ನು ಪೂರ್ತಿ ನಾಶಮಾಡಬೇಕಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ಸಾಕು ಎಂಬ ಅವರ ತತ್ತ್ವ ಇಂದಿನ ಸಾಂಕ್ರಾಮಿಕ ರೋಗಶಾಸ್ತ್ರದ ತಳಹದಿಗಳಲ್ಲೊಂದು. ಒಂದೂರಿನ ಎಣಿಕೆಯನ್ನು ಇನ್ನೊಂದೂರಿನದರೊಡನೆ ಹೋಲಿಸಲು ಬಾರದಿದ್ದರೆ ಇಂಥ ಗಣಿತಕ್ಕೆ ನೆಲೆಯಿಲ್ಲ.

ಕೊನೆಗಾಲದಲ್ಲಿ ದಾಖಲೆಗಳೇ ಸಂಕಟಕ್ಕೊಳಗಾದವು. 1928ರಲ್ಲಿ ಕುಟುಂಬದ ಪೋಷಣೆಗಾಗಿ ರಾಸ್ ತಮ್ಮ ಕಾಗದಪತ್ರಗಳನ್ನು ಮಾರಾಟಕ್ಕಿಟ್ಟರು. ಲೇಡಿ ಹೂಸ್ಟನ್ 2,000 ಪೌಂಡು ಕೊಟ್ಟು ಕೊಂಡು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಡಹೋದರೆ ಅದು ಸ್ವೀಕರಿಸಲಿಲ್ಲ. ಒಬ್ಬ ದಾನಿಯ ಔದಾರ್ಯ ಇಲ್ಲದಿದ್ದರೆ ಅವು ಚದುರಿಹೋಗುವ ಭಯವಿತ್ತು. 1932ರ ಸೆಪ್ಟೆಂಬರ್ 16ರಂದು ರಾಸ್ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳು ಈಗ ಲಂಡನ್ ಮತ್ತು ಗ್ಲ್ಯಾಸ್ಗೋ ನಗರಗಳ ವೈದ್ಯಸಂಸ್ಥೆಗಳಲ್ಲಿ ಸುರಕ್ಷಿತವಾಗಿವೆ. ರಾಸ್-ಮ್ಯಾನ್ಸನ್ ಪತ್ರಗಳನ್ನು ಬೈನಂ ಮತ್ತು ಓವರಿ ಎಂಬ ವಿದ್ವಾಂಸರು ಸಂಪಾದಿಸಿ 1998ರಲ್ಲಿ ಪ್ರಕಟಿಸಿದರು. ಶೋಧ ನಡೆದು ನೂರು ವರ್ಷವಾದ ಮೇಲೂ ಅದರ ಹಾದಿಯನ್ನು ಹೆಜ್ಜೆಹೆಜ್ಜೆಯಾಗಿ ಪರಿಶೀಲಿಸಲು ಸಾಧ್ಯವಾದದ್ದು ಹೀಗೆ.

ಇಂದಿನ ವಿಜ್ಞಾನಿಯ ಕೈಯಲ್ಲಿ ಗಾಜುಫಲಕದ ಬದಲು ಗಣಕದ ಕಡತಗಳಿವೆ. ಪ್ರಮಾಣ ಅಗಾಧ, ಪ್ರಶ್ನೆಗಳು ಹಳೆಯವೇ. ಮಾದರಿ ಎಲ್ಲಿಯದು, ಅಳೆದ ದಿನ ಯಾವುದು, ಹೆಸರು ಎಲ್ಲರಿಗೂ ಒಂದೇ ಅರ್ಥ ಕೊಡುವುದೇ, ಅಳೆದವರು ಇಲ್ಲವಾದ ಮೇಲೆ ಕಾಯುವವರಾರು? ಕೊನೆಯ ಪ್ರಶ್ನೆಗೆ ಉತ್ತರವನ್ನು ದಾನಿಗಳ ಕೃಪೆಗೆ ಬಿಡದೆ, ಕೆಲಸದ ಆರಂಭದಲ್ಲಿಯೇ ಸಂಶೋಧಕರೂ ವಿಶ್ವವಿದ್ಯಾಲಯಗಳೂ ಕೂಡಿ ನಿಶ್ಚಯಿಸುವುದು ವಿವೇಕ. ಬೇಗಂಪೇಟೆಯಲ್ಲಿ ರಾಸ್ ಕೆಲಸಮಾಡಿದ ಕಟ್ಟಡ ಉಸ್ಮಾನಿಯಾ ವಿಶ್ವವಿದ್ಯಾಲಯದ ಆಶ್ರಯದಲ್ಲಿ ನಿಂತಿದೆ. ಆದರೆ ಅಲ್ಲಿ ನಡೆದದ್ದೇನೆಂದು ಅವರ ಹಸ್ತಾಕ್ಷರದಲ್ಲಿಯೇ ನೋಡಬಯಸುವ ಹೈದರಾಬಾದಿನ ವಿದ್ಯಾರ್ಥಿಯ ಹಾದಿ ಸಾಗುವುದು ಬ್ರಿಟನ್ನಿನ ಕಡೆಗೆ.