ಸಲ್ಲೇಖನವನ್ನು ಬೇಡಿದ ಸಮಂತಭದ್ರಸ್ವಾಮಿಗಳು

ರತ್ನಕರಂಡಕ ಶ್ರಾವಕಾಚಾರವನ್ನು ರಚಿಸಿದ ಶ್ರೀ ಸಮಂತಭದ್ರಸ್ವಾಮಿಗಳು ಕ್ರಿ.ಶ. 2ನೆಯ ಶತಮಾನದವರೆಂದು ಹಲವು ವಿದ್ವಾಂಸರ ಮತ. ಅವರ ಜೀವನವೃತ್ತವು ಬಹುಮಟ್ಟಿಗೆ ಕಥೆಗಳಲ್ಲಿ ಉಳಿದುಬಂದಿದೆ.

ಮುನಿಗಳಾಗಿದ್ದಾಗ ಅವರಿಗೆ ಭಸ್ಮಕವ್ಯಾಧಿ ತಗುಲಿತೆಂದು ದೇವಚಂದ್ರನ ರಾಜಾವಳೀಕಥೆ ತಿಳಿಸುತ್ತದೆ. ಉಂಡದ್ದೆಲ್ಲ ಉರಿದುಹೋಗಿ ಹಸಿವೆಯೇ ಒಡಲನ್ನು ಸುಡುವ ರೋಗವದು. ದಿನಕ್ಕೊಮ್ಮೆ ಅಂಗೈಯಲ್ಲಿ ಆಹಾರ ಕೊಳ್ಳುವ ದಿಗಂಬರ ಮುನಿಗೆ ಅದು ತಣಿಯುವುದೆಂತು? ವೇದನೆಯನ್ನು ತಾಳಲಾರದೆ ಗುರುಗಳಲ್ಲಿ ಸಲ್ಲೇಖನಕ್ಕೆ ಅನುಜ್ಞೆ ಬೇಡಿದರು. ಗುರುಗಳು ಕೊಡಲಿಲ್ಲ. ಇವರಿಂದ ಧರ್ಮಪ್ರಭಾವನೆ ಆಗಬೇಕಾಗಿದೆ. ಮುನಿವೇಷವನ್ನು ತೊರೆದಾದರೂ ತೃಪ್ತಿಯಾಗಿ ಉಂಡು, ಗುಣಹೊಂದಿ, ಮರಳಿ ದೀಕ್ಷೆ ಪಡೆಯಲೆಂದು ವಿಧಿಸಿದರು. ವ್ರತವೇ ಪ್ರಾಣವಾಗಿದ್ದವರಿಗೆ ಇದು ಮರಣಕ್ಕಿಂತ ಕಠಿಣವಾದ ಆಜ್ಞೆ.

ಶಿವಕೋಟಿರಾಜನ ಶಿವಾಲಯದಲ್ಲಿ ನೈವೇದ್ಯವನ್ನುಂಡು ಅವರು ಚೇತರಿಸಿಕೊಂಡರು. ಆ ಊರು ಕಂಚಿಯೆಂದು ಕೆಲವರು, ವಾರಾಣಸಿಯೆಂದು ಕೆಲವರು. ಮುಂದಿನ ಪ್ರಸಂಗವನ್ನು ವಾಚಕರು ಬಲ್ಲರು. ಕಡೆಗೆ ಪ್ರಾಯಶ್ಚಿತ್ತದೊಂದಿಗೆ ಪುನಃ ದೀಕ್ಷಿತರಾದರು.

ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಪ್ರತೀಕಾರವಿಲ್ಲದವಾದಾಗ ಮಾತ್ರ ಸಲ್ಲೇಖನವೆಂದು ರತ್ನಕರಂಡಕವು ನಿಯಮಿಸುತ್ತದೆ. ಆಗಲೂ ಮರಣವನ್ನು ಬಯಸುವುದು ಅತಿಚಾರವೇ. ಬೇಡಿ ನಿರಾಕರಿಸಲ್ಪಟ್ಟವರ ಗ್ರಂಥದಲ್ಲಿಯೇ ಈ ಕಟ್ಟಳೆ ಇರುವುದು ಗಮನಾರ್ಹ.

ಗುಣವಾಗದ ರೋಗಿಯ ಕೃತಕ ಜೀವಾಧಾರವನ್ನು ನಿಯಮಬದ್ಧವಾಗಿ ಹಿಂತೆಗೆಯಲು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸಮ್ಮತಿಸಿದಂದಿನಿಂದ, ದಯಾಮರಣವೂ ಸಲ್ಲೇಖನವೂ ಒಂದೇ ಅಲ್ಲವೆ ಎಂದು ಕೆಲವು ಶ್ರಾವಕರು ನನ್ನನ್ನು ಕೇಳಿದ್ದಾರೆ. ನೋವಿನಿಂದ ಪಾರಾಗಲು ವಿಷದ ಚುಚ್ಚುಮದ್ದನ್ನು ಬೇಡುವುದು ಮರಣದ ಬಯಕೆಯೇ, ಅದು ಸಲ್ಲೇಖನವಲ್ಲ. ಆದರೆ ಅರ್ಬುದರೋಗಿಗೆ ವೈದ್ಯರು ಅಳತೆಯರಿತು ಮಾರ್ಫಿನ್ ಕೊಟ್ಟು ಯಾತನೆಯನ್ನು ತಗ್ಗಿಸುವರಲ್ಲ, ಅದನ್ನು ವ್ರತಭಂಗವೆಂದು ಮನೆಯವರು ತಡೆಯುವುದನ್ನು ಕಂಡಾಗ ನನಗೆ ಆ ಗುರುಗಳ ಆಜ್ಞೆಯೇ ನೆನಪಾಗುತ್ತದೆ.